ಆಷಾಢದ ಗಾಳಿಯಲ್ಲಿ ನಾನು ಬಿಡದ ಹಗ್ಗ

ಅಪ್ಪನಿಗೆ ನಾನು ಒಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ. ಕೆಲಗೇರಿ ಕೆರೆಯಲ್ಲಿ ದೋಣಿ ಮಗುಚಿದ್ದು ನನ್ನಿಂದ, ತಮ್ಮ ವಸಂತನಿಂದಲ್ಲ, ಇಷ್ಟೇ ಮಾತು. ಒದ್ದೆ ಸೀರೆಯಲ್ಲಿ ನಡುಗುತ್ತ ಒಲೆಯ ಮುಂದೆ ಕೂತಾಗ ಹೇಳಬಹುದಿತ್ತು. ಮರುದಿನ ರೊಟ್ಟಿ ಬಡಿಯುತ್ತ ಹೇಳಬಹುದಿತ್ತು. ಅಪ್ಪ ಊಟಕ್ಕೆ ಕೂತಾಗಲೆಲ್ಲ ಹೇಳಬಹುದಿತ್ತು. ನಾನು ಹೇಳದೆ ಉಳಿದದ್ದರಿಂದ ಸಮುದ್ರಕ್ಕೆ ಹೋಗಬೇಕಾಗಿದ್ದ ನನ್ನ ತಮ್ಮ ಹುಬ್ಬಳ್ಳಿಯ ಒಂದು ಗೋದಾಮಿನಲ್ಲಿ ಹತ್ತಿಯ ಅಂಡಿಗೆಗಳ ತೂಕ ಬರೆದುಕೊಳ್ಳುವ ಗುಮಾಸ್ತನಾದ. ಇದನ್ನು ನೆನೆದಾಗ ನನ್ನ ಮೇಲೆ ಎಷ್ಟು ಸಿಟ್ಟು ಬರುತ್ತದೆಯೋ ಹೆಚ್ಚುಕಡಿಮೆ ಅಷ್ಟೇ ಸಿಟ್ಟು ಅವನ ಮೇಲೂ ಬರುತ್ತದೆ. ಅವನಾದರೂ ಬಾಯಿ ಬಿಟ್ಟು ಹೇಳಬಹುದಿತ್ತಲ್ಲ! ಉಳಿದ ದಿನವೆಲ್ಲ ತಲೆ ಚಿಟ್ಟು ಹಿಡಿಯುವಷ್ಟು ಮಾತಾಡುವ ಹುಡುಗ, ಮಾತಾಡಲೇಬೇಕಾದ ಹೊತ್ತಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತ.

ಆಗ ನಾವು ಧಾರವಾಡದ ಸಪ್ತಾಪುರದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಅಪ್ಪ ಒಂದು ಕಾಲೇಜಿನ ಕಚೇರಿಯಲ್ಲಿ ಕಾರಕೂನ. ಮುಂದೆ ಕಟ್ಟೆ, ಒಳಗೆ ಪಡಸಾಲೆ, ಅದರಾಚೆ ಹಗಲೂ ದೀಪ ಬೇಡುವ ಅಡಿಗೆಮನೆ, ಹಿತ್ತಲಲ್ಲಿ ಬಾವಿ. ಪಡಸಾಲೆಯ ಮೂಲೆಯಲ್ಲಿ ಅತ್ತೆಯ ಹೊರಸು. ಅತ್ತೆ ಎಂದರೆ ಅಪ್ಪನ ಅಕ್ಕ. ಗಂಡ ತೀರಿದ ಮೇಲೆ ನಮ್ಮ ಮನೆಗೆ ಬಂದವಳಿಗೆ ಲಕ್ವ ಹೊಡೆದು ಎಡಗೈ ಎಡಗಾಲು ಬಿದ್ದುಹೋಗಿದ್ದವು. ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ. ಅವಳನ್ನು ಎತ್ತಿ ಕೂಡಿಸಲು, ಮೈ ತೊಳೆಯಲು, ಉಣ್ಣಿಸಲು ಒಬ್ಬರು ಬೇಕೆಂದು ನಾಲ್ಕನೇ ಇಯತ್ತೆಯಲ್ಲಿದ್ದ ನನ್ನನ್ನು ಶಾಲೆ ಬಿಡಿಸಿದರು. ನನ್ನನ್ನು ಯಾರೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ಕೇಳುವ ಪದ್ಧತಿ ಇರಲಿಲ್ಲ. ನನಗಿಂತ ಎರಡು ವರ್ಷ ಸಣ್ಣವನಾದ ವಸಂತನನ್ನು ಮಾತ್ರ ಓದಲೆಂದು ಕಾರವಾರದ ಸೋದರಮಾವನ ಮನೆಗೆ ಕಳಿಸಿದರು. ಅಲ್ಲಿ ಅವನು ಏನು ಓದಿದನೋ ದೇವರಿಗೆ ಗೊತ್ತು. ಮೀನುಗಾರರ ಹಾಯಿದೋಣಿಗಳಲ್ಲಿ ಕೂತು ಬಿಸಿಲಿಗೆ ಕರ್ರಗಾಗಿ, ಮೆಟ್ರಿಕ್ ಹೇಗೋ ಮುಗಿಸಿ, ತಲೆಯ ತುಂಬ ಗಾಳಿ ತುಂಬಿಕೊಂಡು ಮರಳಿ ಬಂದ. ಮುಂಬಯಿಯಲ್ಲಿ ಹಡಗಿನ ಕೆಲಸ ಕಲಿಸುವ ಶಾಲೆಯೊಂದಿದೆ, ವಯಸ್ಸು ಮೀರಿದರೆ ಸೇರಿಸಿಕೊಳ್ಳುವುದಿಲ್ಲ, ಇದೇ ಕೊನೆಯ ವರ್ಷ, ಅಪ್ಪ ಹೂಂ ಅನ್ನಬೇಕು ಅಷ್ಟೇ, ಎಂದು ಬೆಳಗಿನ ಚಹದಿಂದ ಹಿಡಿದು ಹಾಸಿಗೆ ಹಾಸುವ ತನಕ ಅದೇ ರಾಗ. ಅಪ್ಪ ಹೂಂ ಅನ್ನಲಿಲ್ಲ. ಆಗ ವಸಂತ ದೋಣಿ ಕಟ್ಟತೊಡಗಿದ.

ಕಟ್ಟಿದ್ದು ಎಲ್ಲಿ? ಪಡಸಾಲೆಯಲ್ಲಿ. ಹಿತ್ತಲಲ್ಲಿ ಮಳೆಗೆ ಹಲಗೆ ಉಬ್ಬುತ್ತವಂತೆ. ಹುಬ್ಬಳ್ಳಿಯಿಂದ ಖಾಲಿ ಖೋಕಿಗಳ ಹಲಗೆ, ಹಳೆಯ ಬಾಗಿಲಿನ ಪಟ್ಟಿಗಳನ್ನೆಲ್ಲ ತಂದು ಎರಡು ಬಾಕಿನ ಮೇಲೆ ಅದನ್ನು ಎಬ್ಬಿಸಿದ. ಮನೆಯಲ್ಲಿ ನಡೆದಾಡಲು ಜಾಗ ಉಳಿಯಲಿಲ್ಲ. ಅಡಿಗೆಮನೆಯಿಂದ ಅತ್ತೆಗೆ ತಾಟು ಒಯ್ಯಬೇಕಾದರೆ ನಾನು ದೋಣಿಯ ಕೆಳಗೆ ಬಗ್ಗಿ ದಾಟಬೇಕು. ಸಂದುಗಳಿಗೆ ಹತ್ತಿ ತುರುಕಿ ಡಾಂಬರು ಬಳಿದ ದಿನ ಅನ್ನಕ್ಕೂ ಡಾಂಬರಿನ ವಾಸನೆ. ಮಣ್ಣೆತ್ತಿನ ಅಮಾವಾಸ್ಯೆಗೆ ಅವ್ವ ಎತ್ತಿನ ಜೋಡಿ ಮಾಡಲು ಕಲಸಿಟ್ಟ ಮಣ್ಣಿನಲ್ಲಿ ಇವನು ಒಂದು ಮಣ್ಣಿನ ದೋಣಿ ಮಾಡಿ ಎತ್ತುಗಳ ಮಗ್ಗುಲಿಗೆ ಇಟ್ಟ. ಅವ್ವ ಅದಕ್ಕೂ ಕುಂಕುಮ ಹಚ್ಚಿ, ಕಡುಬು ಎಡೆಮಾಡಿ, ಆಮೇಲೆ ಅಳತೊಡಗಿದಳು, ದೇವರ ಮುಂದೆ ಇಟ್ಟ ಮೇಲೆ ಇವನು ಹೋಗಿಯೇ ಹೋಗುತ್ತಾನೆಂದು. ಸಂತೋಷಪಟ್ಟವಳು ಅತ್ತೆ ಒಬ್ಬಳೇ. ಹೊರಸಿನ ಪಕ್ಕದಲ್ಲೇ ದೋಣಿ ನಿಂತಿದ್ದರಿಂದ ಸುತ್ತಿಗೆಯ ಸದ್ದು ನಿಂತಾಗಲೆಲ್ಲ ಕೇಳುವಳು:

"ಏನೋ ವಸಂತಾ, ಕಾಶಿ ಬಂತೇನೋ?"

"ಇನ್ನೂ ಇಲ್ಲರಿ ಅತ್ತಿ, ಈಗರ ಗೋಕರ್ಣ ದಾಟೇವಿ."

"ಲಗೂ ನಡಸೋ ಮಾರಾಯಾ. ನೀ ಮುಟ್ಟಸೂದ್ರಾಗ ನಾ ನಡಕೋಂತ ಹೋಗಿ ಬಂದಿರ್ತೇನಿ."

ಹಾಯಿಯ ಬಟ್ಟೆ ಹೊಲಿದವಳು ನಾನು. ದಪ್ಪ ಮಾಂಜರಪಾಟಿನ ಪಟ್ಟಿಗಳನ್ನು ಕೈಯಿಂದ ತಿರುಗಿಸುವ ಹೊಲಿಗೆ ಮಶೀನಿನಲ್ಲಿ ಕೂಡಿಸುವಾಗ ಸೂಜಿ ಮುರಿದು ಮುರಿದು ನನಗೆ ರೋಸಿಹೋಯಿತು. ಹೊಲಿದದ್ದಕ್ಕೆ ಒಂದು ಒಳ್ಳೆಯ ಮಾತಿಲ್ಲ. ಅಂಚು ಸೊಟ್ಟಗಾಗಿದೆ, ಬಿಚ್ಚಿ ಮತ್ತೆ ಹಾಕು ಎಂದ. ಬಿಚ್ಚಿ ಹಾಕಿದೆ. ಯಾಕೆ ಹಾಕಿದೆ ಎಂದು ಈಗಲೂ ತಿಳಿಯದು. ಬೈದುಕೊಳ್ಳುತ್ತಲೇ ಅವನು ಹೇಳಿದ್ದನ್ನು ಮಾಡುವುದು ನನಗೆ ರೂಢಿಯಾಗಿತ್ತು.

ದೋಣಿಯನ್ನು ಚಕ್ಕಡಿಯ ಮೇಲೆ ಕೆಲಗೇರಿ ಕೆರೆಗೆ ಒಯ್ದ ಮೇಲೆ ವಸಂತ ತನ್ನ ಗೆಳೆಯನೊಬ್ಬನನ್ನು ಜೊತೆಗೆ ಕೂಡಿಸಿಕೊಂಡು ದಿನಾ ಸಂಜೆ ಓಡಿಸತೊಡಗಿದ. ಒಬ್ಬರು ಹಿಂದೆ ಕೂತು ಚುಕ್ಕಾಣಿ ಹಿಡಿಯಬೇಕು, ಇನ್ನೊಬ್ಬರು ಹಾಯಿಯ ಹಗ್ಗ ಹಿಡಿಯಬೇಕು. ಇಬ್ಬರಿಲ್ಲದೆ ಆ ದೋಣಿ ನಡೆಯುತ್ತಿರಲಿಲ್ಲ. ಮನೆಗೆ ಬಂದು ಅಪ್ಪನ ಎದುರು ಗಾಳಿಯ ಪುರಾಣ. ಒಂದು ದಿನ ರೊಟ್ಟಿ, ಝುಣಕ ಬಡಿಸುತ್ತಿದ್ದೆ. ಅಪ್ಪ ತಾಟು ಸರಿಸಿ ಹೇಳಿದರು:

"ಆತಪಾ, ನೀ ದೊಡ್ಡ ನಾವಿಕ. ಬರೂ ಐತವಾರ ನಾ ಕೆರಿ ಏರಿ ಮ್ಯಾಲೆ ನಿಂದರ್ತೇನಿ. ನಿಮ್ಮಕ್ಕನ್ನ ಕುಂದರಿಸ್ಕೊಂಡು ಆ ದಂಡಿಗೆ ಹೋಗಿ ತಿರುಗಿ ಬಾ. ಹಂಗ ಬಂದ್ರ ಮುಂಬೈಗೆ ಹೋಗು, ನಾ ಬ್ಯಾಡ ಅನ್ನೂದಿಲ್ಲ."

"ಅಕ್ಕನ್ನ ಯಾಕ್ರಿ? ನನ್ನ ಗೆಳೆಯಾ ಅದಾನಲ್ಲರಿ."

"ಮಂದಿ ಮಕ್ಕಳನ್ನ ಯಾರರ ಕುಂದರಸ್ತಾರ. ಮನಿ ಮಗಳನ್ನ ಕುಂದರಿಸ್ಕೊಂಡು ದಾಟಸು. ಆಗ ನಿನ್ನ ಧೈರ್ಯ ಖರೇ ಅಂತ ಒಪ್ತೇನಿ."

"ಲಗ್ನದ ಹುಡಿಗಿನ್ನ ನೀರಾಗ ಇಳಸ್ತೀಯೇನೋ? ತಲಿ ಕೆಟ್ಟೈತೇನು ನಿನಗ?" ಎಂದು ಅತ್ತೆ ಹೊರಸಿನಿಂದ ಕೂಗಿದಳು. ವಸಂತ ಹಿಂದೆ ಸರಿಯುತ್ತಾನೆ ಎಂಬುದು ಅಪ್ಪನ ಎಣಿಕೆಯಾಗಿತ್ತು. ಅವನು ಸರಿಯಲಿಲ್ಲ. ಹೂಂ ಎಂದುಬಿಟ್ಟ. ಅಪ್ಪ ಒಮ್ಮೆ ಆಡಿದ ಮಾತನ್ನು ಹಿಂತೆಗೆದುಕೊಳ್ಳುವವರಲ್ಲ. ಇಬ್ಬರು ಗಂಡಸರ ಹಟದ ನಡುವೆ ನಾನು ಝುಣಕದ ಪಾತ್ರೆ ಹಿಡಿದು ನಿಂತಿದ್ದೆ. ಈಜು ಬರುತ್ತದೆಯೇ ಎಂದು ಕೂಡ ಒಬ್ಬರೂ ಕೇಳಲಿಲ್ಲ. ಬರುತ್ತಿರಲಿಲ್ಲ.

ಐತವಾರದ ತನಕ ಹಿತ್ತಲಲ್ಲಿ ಪಾಠ ನಡೆಯಿತು. ಒಗೆಯುವ ಕಲ್ಲಿನ ಮೇಲೆ ನನ್ನನ್ನು ಕೂಡಿಸಿ, ಪೇರಲ ಗಿಡದ ಟೊಂಗೆಗೆ ಕಟ್ಟಿದ ಹಗ್ಗದ ತುದಿಯನ್ನು ಕೈಗೆ ಕೊಟ್ಟು ಅವನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದ.

"ನೋಡಕ್ಕಾ, ಆಷಾಢದ ಗಾಳಿ ಒಂದೇ ಸಮ ಬೀಸೂದಿಲ್ಲ. ಸುಮ್ಮನಿದ್ದು ಸುಮ್ಮನಿದ್ದು ಒಮ್ಮೆಲೆ ಬಂದು ಗುದ್ದತೈತಿ. ಅದು ಬರೂಕಿಂತ ಮೊದಲ ನೀರು ಕಪ್ಪಗಾಗಿ ಸಣ್ಣ ಸಣ್ಣ ಸುಕ್ಕು ಓಡಿ ಬರ್ತಾವ. ಅದು ನಮ್ಮನ್ನ ಮುಟ್ಟಿದ ಕೂಡ್ಲೆ ನಾ ಕೂಗ್ತೇನಿ, ನೀ ಹಗ್ಗ ಸಡ್ಲ ಬಿಡಬೇಕು. ಹಾಯಿ ಗಾಳಿ ಚೆಲ್ಲತೈತಿ, ದೋಣಿ ನೆಟ್ಟಗ ಆಕ್ಕೈತಿ. ಆಮ್ಯಾಲೆ ಮತ್ತ ಜಗ್ಗೂದು."

"ಎಷ್ಟು ಬಿಡಬೇಕು?"

"ಎಷ್ಟು ಬೇಕೋ ಅಷ್ಟು."

"ಅದ ಎಷ್ಟೋ, ಹಾಳಾದಂವನ?"

"ಅದು ಕೈಗೆ ತಿಳೀತೈತಿ."

"ಒಂದು ಗೂಟಕ್ಕ ಕಟ್ಟಿ ಬಿಟ್ರ ಆತಲ್ಲ? ಕೈ ಯಾಕ ಉರಸ್ಕೋಬೇಕು?"

"ಕಟ್ಟಿದ್ರ ಮುಳಗತೀವಿ!" ಎಂದು ಹಣೆ ಬಡಿದುಕೊಂಡ.

ಹಿತ್ತಲಲ್ಲಿ ಅವನು ಕೂಗಿದಾಗಲೆಲ್ಲ ನಾನು ಸರಿಯಾಗಿ ಬಿಟ್ಟೆ. ಪೇರಲ ಟೊಂಗೆ ಏನು ಜಗ್ಗುತ್ತದೆ, ಮಹಾ! ಅಲ್ಲೇ ನಾಲ್ಕು ಹೆಜ್ಜೆ ಆಚೆ ಬಾವಿ ಇತ್ತು. ಅದರ ಕಡೆ ನಾವಿಬ್ಬರೂ ನೋಡಲಿಲ್ಲ. ಧಾರವಾಡದ ಬಾವಿ ಅಂದರೆ ಆಳ. ಬೇಸಿಗೆಯಲ್ಲಿ ಬಗ್ಗಿ ನೋಡಿದರೆ ನೀರು ಒಂದು ಬಿಲ್ಲೆಯಷ್ಟು ಕಾಣುತ್ತಿತ್ತು. ಶಾಲೆ ಬಿಟ್ಟ ವರ್ಷವೇ ನಾನು ನೀರು ಸೇದತೊಡಗಿದ್ದೆ. ಮೊದಮೊದಲು ಒಮ್ಮೆ ತುಂಬಿದ ತಾಮ್ರದ ಕೊಡ ಮೇಲೆ ಬರುವಾಗ ರಾಟೆ ಸಿಕ್ಕಿಕೊಂಡು ಹಗ್ಗ ಝಾಡಿಸಿತು. ಅಂಗೈ ಉರಿದು ಬಿಟ್ಟುಬಿಟ್ಟೆ. ಕೊಡ, ಹಗ್ಗ ಎರಡೂ ತಳ ಸೇರಿದವು. ಅವ್ವನ ತವರಿನ ಕೊಡ ಅದು. ಕೊಂಡಿಗಳಿರುವ ಪಾತಾಳಗರಡಿ ತಂದು ಇಳಿಬಿಟ್ಟು ಮೂರು ಸಂಜೆ ಹುಡುಕಿದರೂ ಸಿಗಲಿಲ್ಲ. ಅವ್ವ ನನ್ನ ಬೆನ್ನ ಮೇಲೆ ಬಾರಿಸಿ, ಆಮೇಲೆ ಅರಿಸಿಣ ಹಚ್ಚುತ್ತ ಹೇಳಿದ್ದಳು, "ಕೈ ಹರದ್ರೂ ಹಗ್ಗ ಬಿಡಬಾರದವಾ. ಜಗ್ಗಿದಷ್ಟೂ ಗಟ್ಟಿ ಹಿಡೀಬೇಕು." ಆಮೇಲೆ ಒಂದು ದಿನವೂ ನಾನು ಬಿಟ್ಟವಳಲ್ಲ. ರಾಟೆ ಜಾರಲಿ, ಕಾಲು ಜಾರಲಿ, ಹಗ್ಗ ಜಗ್ಗಿದ ಕೂಡಲೇ ನನ್ನ ಬೆರಳು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ನಮ್ಮ ಓಣಿಯ ಹೆಣ್ಣುಮಕ್ಕಳೆಲ್ಲರದೂ ಅದೇ ಕೈ. ಎಲ್ಲವನ್ನೂ ಯೋಚಿಸಿದ್ದೇನೆ ಎಂದು ಬೀಗುತ್ತಿದ್ದ ವಸಂತ ಇದೊಂದನ್ನು ಯೋಚಿಸಲಿಲ್ಲ. ನನಗೂ ಹೊಳೆಯಲಿಲ್ಲ. ದೋಣಿಯ ಹಗ್ಗ ದೋಣಿಯದು, ಬಾವಿಯ ಹಗ್ಗ ಬಾವಿಯದು ಎಂದುಕೊಂಡಿದ್ದೆ.

ಐತವಾರ ಮೋಡ ಇತ್ತು, ಮಳೆ ಇರಲಿಲ್ಲ, ಗಾಳಿ ಮಾತ್ರ ಮೈಮೇಲೆ ದೇವರು ಬಂದವರ ಹಾಗೆ ಬೀಸುತ್ತಿತ್ತು. ಏರಿಯ ಮೇಲೆ ಅಪ್ಪ ಕರಿ ಕೋಟು ಹಾಕಿಕೊಂಡು ನಿಂತಿದ್ದರು. ಅವರು ಬಿಚ್ಚಿದ ಛತ್ರಿ ಒಂದೇ ಏಟಿಗೆ ತಿರುವುಮುರುವಾಯಿತು. ಇಂಥ ದಿನ ಬೇಡ ಎಂದು ಯಾರಾದರೂ ಒಬ್ಬರು ಹೇಳಬೇಕಿತ್ತು. ಅಪ್ಪ ಹೇಳಿದರೆ ಅಪ್ಪ ಸೋತ ಹಾಗೆ, ವಸಂತ ಹೇಳಿದರೆ ವಸಂತ ಸೋತ ಹಾಗೆ. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡು ನಾನು ದೋಣಿ ಹತ್ತಿದೆ. ಹೋಗುವಾಗ ಎಲ್ಲ ಚೆನ್ನಾಗಿಯೇ ಆಯಿತು. ಗಾಳಿ ಮಗ್ಗುಲಿನಿಂದ ಬರುತ್ತಿತ್ತು. ನಾನು ಹೊಲಿದ ಹಾಯಿ ಹೊಟ್ಟೆ ತುಂಬ ಗಾಳಿ ಕುಡಿದು ಉಬ್ಬಿತು. ದೋಣಿ ಒಂದು ಕಡೆ ವಾಲಿದಾಗ ಇಬ್ಬರೂ ಇನ್ನೊಂದು ಕಡೆಯ ಅಂಚಿಗೆ ಸರಿದು ಬೆನ್ನು ಹೊರಚಾಚಿ ಕೂತೆವು. ತಳದ ಹಲಗೆಗೆ ನೀರು ಬಡಿಯುವ ಸದ್ದು ಕೇಳುತ್ತ, ಸುಳ್ಳಾಡಬಾರದು, ನನಗೆ ಬಹಳ ಸಂತೋಷವಾಯಿತು. ಅಡಿಗೆಮನೆ, ಹೊರಸು, ಬಾವಿ ಎಲ್ಲ ಹಿಂದೆ ಉಳಿದಿದ್ದವು. ವಸಂತ ಹಲ್ಲು ಕಿಸಿದು, "ಹೆಂಗೈತಿ?" ಎಂದ. "ಮುಂದ ನೋಡಿ ನಡಸೋ!" ಎಂದು ಗದರಿದೆ.

ಆ ದಂಡೆಯ ಹತ್ತಿರ ತಿರುಗಿಸಿ ಮರಳುವಾಗ ಗಾಳಿಯ ಗುದ್ದು ಶುರುವಾಯಿತು. ಮೊದಲನೆಯದು ಬಂದಾಗ ಅವನು ಚುಕ್ಕಾಣಿ ಹೊರಳಿಸಿ ದೋಣಿಯ ಮೂತಿಯನ್ನು ಗಾಳಿಯ ಕಡೆಗೇ ತಿರುಗಿಸಿಬಿಟ್ಟ. ಹಾಯಿ ಪಟಪಟ ಬಡಿದುಕೊಂಡು ಸುಮ್ಮನಾಯಿತು. ಅದು ಹಾದುಹೋದ ಮೇಲೆ ಮತ್ತೆ ಹೊರಟೆವು. ಇನ್ನೊಂದಕ್ಕೆ ನಾನು ಗೇಣುದ್ದ ಹಗ್ಗ ಸಡಿಲಿಸಿದೆ, ದೋಣಿ ನೆಟ್ಟಗಾಯಿತು. "ಶಾಬಾಸ್!" ಎಂದ. ಅಪ್ಪನ ಮುಖ ಗುರುತು ಸಿಗುವಷ್ಟು ಹತ್ತಿರ ಬಂದಿದ್ದೆವು. ಆಗ ಬಲಗಡೆಯ ನೀರು ಕೊಳೆಗಟ್ಟಿದ ಬಟ್ಟೆಯ ಹಾಗೆ ಕಪ್ಪಾಗಿ ನಮ್ಮ ಕಡೆ ಓಡಿ ಬಂತು. ನಾನು ನೋಡಿದೆ. ಅವನೂ ನೋಡಿದ. "ಬಿಡು! ಅಕ್ಕಾ, ಹಗ್ಗ ಬಿಡು!" ಎಂದು ಕೂಗಿದ. ನನ್ನಿಂದ ಒಂದು ಮೊಳ ದೂರದಲ್ಲಿ ಕೂತು ಕೂಗಿದ. ಅಷ್ಟರಲ್ಲಿ ಹಗ್ಗ ನನ್ನ ಕೈಯಲ್ಲಿ ತುಂಬಿದ ಕೊಡ ಜಾರಿದ ಹಾಗೆ ಝಾಡಿಸಿತು. ಬೆರಳು ಮುಚ್ಚಿದವು. ಅದು ಜಗ್ಗಿದಷ್ಟೂ ನಾನು ಹಿಂದಕ್ಕೆ ಜಗ್ಗಿದೆ. ಅವನು ಚುಕ್ಕಾಣಿ ಬಿಟ್ಟು ನನ್ನ ಕೈಗೆ ಹಾರುವುದರೊಳಗೆ ಹಾಯಿ ನೀರಿಗೆ ಮಲಗಿತು, ದೋಣಿ ಮಗುಚಿತು.

ಮೂಗಿನಲ್ಲಿ, ಬಾಯಲ್ಲಿ ಕೆರೆಯ ನೀರು. ವಸಂತ ನನ್ನ ಜಡೆ ಹಿಡಿದು ಮೇಲೆತ್ತಿ ದೋಣಿಯ ಬೆನ್ನಿಗೆ ತಂದು ಒರಗಿಸಿದ. ಉಸಿರು ಬಂದ ಕೂಡಲೇ ಅವನು ಆಡಿದ ಮೊದಲ ಮಾತು:

"ಈಗರ ಬಿಡ ಮಾರಾಯ್ತಿ! ಇನ್ನೂ ಹಿಡಕೊಂಡ ಅದೀಯಲ್ಲ!"

ನೋಡಿದರೆ ಹಗ್ಗ ನನ್ನ ಮುಷ್ಟಿಯಲ್ಲೇ ಇತ್ತು. ಎಮ್ಮೆ ಮೈ ತೊಳೆಯಲು ಬಂದಿದ್ದ ಇಬ್ಬರು ಈಜಿ ಬಂದು ನಮ್ಮನ್ನು ದಂಡೆಗೆ ಎಳೆದರು. ಅಪ್ಪ ಮೊಣಕಾಲುದ್ದದ ನೀರಿಗೆ ಇಳಿದು ನಿಂತಿದ್ದರು, ಬೂಟು ಬಿಚ್ಚಿರಲಿಲ್ಲ. ತಮ್ಮ ಕೋಟನ್ನು ನನಗೆ ಹೊದಿಸಿದರು.

ಮನೆಯಲ್ಲಿ ಅವ್ವ ಒಲೆಯ ಮುಂದೆ ಕೂಡಿಸಿ ಶುಂಠಿ ಬೆಲ್ಲದ ಕಷಾಯ ಕುಡಿಸಿದಳು. ನನ್ನ ಅಂಗೈ ಬಿಡಿಸಿ ನೋಡಿದಳು. ಹಗ್ಗ ಉಜ್ಜಿ ಎರಡೂ ಕೈಯ ತೊಗಲು ಕಿತ್ತುಬಂದಿತ್ತು. ಬೆಣ್ಣೆ ಹಚ್ಚುತ್ತ, "ನೋಡ್ರಿಲ್ಲೆ, ಪಾಪ, ಹುಡುಗಿ ಹೆಂಗ ಗಟ್ಟಿ ಹಿಡದೈತಿ! ಜೀವ ಹೋಗೂ ಹೊತ್ತಿನ್ಯಾಗೂ ಬಿಟ್ಟಿಲ್ಲ" ಎಂದು ಹೊಗಳಿದಳು. ಹೊಸ್ತಿಲಲ್ಲಿ ನಿಂತಿದ್ದ ವಸಂತ ನನ್ನ ಅಂಗೈ ನೋಡಿದ. ಅಪ್ಪ ಬಂದು ಬಾಗಿಲಿಗೆ ಒರಗಿದರು.

"ಶಾಂತಾ, ಖರೇ ಹೇಳು. ಗಾಳಿ ಬಂದಾಗ ಏನ್ ಮಾಡಬೇಕಂತ ಇಂವಾ ನಿನಗ ಹೇಳಿದ್ನೋ ಇಲ್ಲೋ?"

ನಮ್ಮ ಮನೆಯಲ್ಲಿ ನನ್ನನ್ನು ಒಂದು ಮಾತು ಕೇಳಿದ್ದು ಅದೇ ಮೊದಲು. ನಾನು ಒಲೆಯ ಕಡೆ ನೋಡುತ್ತ ಹೇಳಿದೆ:

"ಗಾಳಿ ಭಾಳ ಇತ್ತರಿ ಅಪ್ಪಾ. ನನಗೇನೂ ಕೇಳಿಸ್ಲಿಲ್ಲ."

ವಸಂತ ಈಗ ಜಗಳ ತೆಗೆಯುತ್ತಾನೆ ಎಂದು ಕಾದೆ. ತೆಗೆಯಲಿಲ್ಲ. ಅವನು ಕೂಗಿ ಜಗಳವಾಡಿದ್ದರೆ ನಾನು ಒಪ್ಪಿಕೊಳ್ಳುತ್ತಿದ್ದೆನೋ ಏನೋ. ಅವನು ತಲೆ ಒರೆಸುತ್ತ ಹಿತ್ತಲಿಗೆ ಹೋದ. ಅಪ್ಪನಿಗೆ ಅಷ್ಟು ಸಾಕಾಯಿತು. "ಮಗ್ಗಲಕ ಕುಂತಾಕಿಗೆ ಮಾತು ಮುಟ್ಟಸಲಾರದಂವ ಹಡಗ ನಡಸ್ತಾನಂತ ಹಡಗ!" ಎಂದರು. ಮುಂಬಯಿಯ ಮಾತು ಅಲ್ಲಿಗೆ ಮುಗಿಯಿತು. ನೀರು ಕುಡಿದು ಹೆದರಿದ್ದೆ, ಅವ್ವನ ಎದುರು ನಾಚಿಕೆಯಾಯಿತು, ನೀರಿನಲ್ಲೂ ನನ್ನನ್ನು ಗದರಿದನೆಂದು ಸಿಟ್ಟಿತ್ತು ಎಂದೆಲ್ಲ ನಾನು ನನಗೇ ಹೇಳಿಕೊಂಡಿದ್ದೇನೆ. ಅವೆಲ್ಲ ಇದ್ದವು. ಆದರೆ ಅವುಗಳ ಕೆಳಗೆ ಇನ್ನೊಂದಿತ್ತು. ಇವನು ಮುಂಬಯಿಗೆ ಹೋದರೆ ಆ ಮನೆಯಲ್ಲಿ ಹಲಗೆ ಬಡಿಯುವವರಿಲ್ಲ, ಅತ್ತೆಯನ್ನು ನಗಿಸುವವರಿಲ್ಲ, ನಾನು ಬೈಯಲು ಒಬ್ಬರಿಲ್ಲ. ನಾನು, ಹೊರಸು, ಒಲೆ. ಇದು ಆ ಕ್ಷಣದಲ್ಲಿ ನನಗೆ ಸ್ಪಷ್ಟವಾಗಿ ತಿಳಿದಿತ್ತು. ಹಗ್ಗ ಹಿಡಿದದ್ದು ನನಗೆ ತಿಳಿಯದೆ ಆದದ್ದು. ಆ ಮಾತು ಹಾಗಲ್ಲ.

ದೋಣಿಯನ್ನು ಪಕ್ಕದ ಗೌಳಿಯವರು ಒಯ್ದು ದನಗಳಿಗೆ ಮೇವು ಹಾಕಲು ಇಟ್ಟುಕೊಂಡರು. ಮರುವರ್ಷ ನನ್ನ ಮದುವೆಯಾಗಿ ಹುಬ್ಬಳ್ಳಿಗೆ ಹೋದೆ. ಹೀಗೆ ನಾನು ಯಾವ ಮನೆಗಾಗಿ ಅವನನ್ನು ತಡೆದೆನೋ ಆ ಮನೆಯಲ್ಲಿ ನಾನೇ ಉಳಿಯಲಿಲ್ಲ. ಇದಕ್ಕಿಂತ ರೇಜಿಗೆ ಇನ್ನೇನಿದೆ? ವಸಂತ ಗೋದಾಮಿನ ಕೆಲಸ ಹಿಡಿದು ದಿನಾ ರೈಲಿನಲ್ಲಿ ಹುಬ್ಬಳ್ಳಿಗೆ ಬರುತ್ತಿದ್ದ. ಕೆಲವು ಸಂಜೆ ನಮ್ಮ ಮನೆಗೆ ಬಂದು ಚಹ ಕುಡಿದು, ಹತ್ತಿಯ ಧೂಳಿಗೆ ಕೆಮ್ಮುತ್ತ, ರೈಲಿನಲ್ಲಿ ಕೇಳಿದ ಸುದ್ದಿಗಳನ್ನು ಹೇಳಿ ನಗಿಸುತ್ತಿದ್ದ. ಇವತ್ತು ಹೇಳಿಬಿಡುತ್ತೇನೆ ಎಂದು ನಾನು ಬಾಯಿ ತೆರೆದರೆ ಇನ್ನೊಂದು ಸುದ್ದಿ ತೆಗೆಯುತ್ತಿದ್ದ. ಅವನಿಗೆ ಗೊತ್ತಾಗುತ್ತಿತ್ತು, ಬೇಕೆಂದೇ ತೆಗೆಯುತ್ತಿದ್ದ. ಒಬ್ಬರು ತಪ್ಪು ಒಪ್ಪಿಕೊಳ್ಳಲು ಬಂದರೆ ಅದಕ್ಕೂ ಎಡೆಗೊಡದ ಇಂಥ ಮನುಷ್ಯನನ್ನು ಏನು ಮಾಡಬೇಕು? ಅಪ್ಪನಂತೂ ಅವನಿಗೆ ತಾಂಡೇಲ ಎಂದು ಹೆಸರಿಟ್ಟಿದ್ದರು. ಕಾರವಾರದ ಕಡೆ ದೋಣಿಯ ಯಜಮಾನನಿಗೆ ಹಾಗೆನ್ನುತ್ತಾರೆ. "ತಾಂಡೇಲ್ ಸಾಹೇಬ್ರು ಇವತ್ತ ಸಜ್ಜಿ ರೊಟ್ಟಿ ತಿಂತಾರೋ ಜ್ವಾಳದ್ದೋ ಕೇಳ್ರಿ" ಎಂದು ಪ್ರತಿ ಊಟಕ್ಕೂ ಒಂದು ಚುಚ್ಚು. ಅತ್ತೆ ತೀರಿಕೊಂಡ ಮೇಲೆ ಅವನ ಪರವಾಗಿ ಮರುಮಾತಾಡುವವರೂ ಇರಲಿಲ್ಲ.

ವಸಂತನಿಗೆ ಹೆಬ್ಬಳ್ಳಿಯ ಒಂದು ಸಂಬಂಧ ಬಂತು. ಮಾತುಕತೆಗೆ ಹುಡುಗಿಯ ತಂದೆ, ಚಿಕ್ಕಪ್ಪ ಬರುವವರಿದ್ದರು. ಅವ್ವನಿಗೆ ಕೈನೆರವಿಗೆಂದು ನಾನು ತವರಿಗೆ ಬಂದಿದ್ದೆ. ಉಪ್ಪಿಟ್ಟಾಯಿತು, ಮೇಲೆ ಚಹ ಆಗುತ್ತಿತ್ತು. ಪಡಸಾಲೆಯ ಜಮಖಾನೆಯ ಮೇಲೆ ಬೀಗರು ಆರಾಮಾಗಿ ಕಾಲು ಚಾಚಿದ್ದರು. ಅಪ್ಪನಿಗೆ ಹುರುಪು ಬಂದು, ಬೇಡಬೇಡವೆಂದರೂ ದೋಣಿಯ ಕತೆ ತೆಗೆದರು. ಛತ್ರಿ ತಿರುವುಮುರುವಾದದ್ದನ್ನು ಕೈಯಲ್ಲಿ ಮಾಡಿ ತೋರಿಸಿದರು. ಎಲ್ಲರೂ ನಕ್ಕರು. ವಸಂತನೂ ನಕ್ಕ, ಆ ನಗು ನೋಡಿ ನನ್ನ ಮೈ ಉರಿಯಿತು.

"ಅಕ್ಕ ಮಗ್ಗಲಕ ಕುಂತಿದ್ಲರಿ. ಗಾಳಿ ಬಂತು ಅಂತ ಆಕಿಗೆ ಒಂದು ಮಾತು ಹೇಳಲಿಲ್ಲ ಮಗಾ! ತಾಂಡೇಲಂತ!" ಎಂದರು ಅಪ್ಪ.

ಹುಡುಗಿಯ ತಂದೆ ನಗು ನಿಲ್ಲಿಸಿ ವಸಂತನ ಕಡೆ ನೋಡಿದರು. "ನಗೀ ಮಾತು ಹೌದ್ರಿ. ಆದ್ರ ನಮ್ಮ ಹುಡುಗಿನ್ನೂ ಹಂಗ ನಡುನೀರಾಗ ಕೈ ಬಿಟ್ರ ಹೆಂಗ್ರಿ, ಅಳಿಯಂದ್ರು?"

ವಸಂತ ಆಗಲೂ ಬಾಯಿ ಬಿಡಲಿಲ್ಲ. ಬಸಿಯೊಳಗಿನ ಚಹ ಆರಿಸುತ್ತ ಕೂತ. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಹೊರಗಿನವರ ಎದುರು ಮನೆಯ ಹೆಣ್ಣುಮಗಳು ಪಡಸಾಲೆಗೆ ಬಂದು ಮಾತಾಡುವ ರೂಢಿ ನಮ್ಮಲ್ಲಿರಲಿಲ್ಲ. ಬಂದೆ.

"ಅಪ್ಪಾ, ಅದು ಖರೇ ಅಲ್ರಿ. ಅಂವ ಕೂಗಿದ್ದ. ನನಗ ಛಲೋತ್ನಂಗ ಕೇಳಿಸಿತ್ತು. ಹಗ್ಗ ಬಿಡದಾಕಿ ನಾನು. ಕೇಳಿಸ್ಲಿಲ್ಲ ಅಂತ ನಿಮ್ಮ ಮುಂದ ಸುಳ್ಳ ಹೇಳಿದಾಕೀನೂ ನಾನ. ನೀರಾಗ ಜಡಿ ಹಿಡದು ನನ್ನ ಮ್ಯಾಲೆತ್ತಿದಂವ ಇಂವಾ. ಇಂವಾ ಯಾರದೂ ಕೈ ಬಿಡೂ ಮನಿಶಾ ಅಲ್ಲ, ಕಾಕಾರ."

ಅಪ್ಪ ಕೈಯಲ್ಲಿದ್ದ ಬಸಿ ಕೆಳಗಿಟ್ಟರು. ವಸಂತ ಗಡಬಡಿಸಿ ಎದ್ದ.

"ಅಕ್ಕಾ, ಈಗ ಯಾಕ ಅದೆಲ್ಲಾ? ಹೋಗು, ಕಾಕಾರಿಗೆ ಇನ್ನೊಂದೀಟು ಚಹಾ ತಾ."

"ಏ, ಸುಮ್ಮ ಕುಂದರೋ! ಒಂದ ಸಲಾನರ ನನ್ನ ಮಾತು ಮುಗಸಗೊಡ" ಎಂದು ಗದರಿದೆ. ಅವನು ಕೂತ. ಬೀಗರನ್ನು, ಅಪ್ಪನನ್ನು ಬಿಟ್ಟು ಅವನ ಮುಖವನ್ನೇ ನೋಡುತ್ತ ಹೇಳಿದೆ:

"ವಸಂತಾ, ಅವತ್ತ ಕೆರ್‍ಯಾಗ ಆದದ್ದಕ್ಕ ನಾ ಕ್ಷಮಾ ಕೇಳೂದಿಲ್ಲ, ಅದು ಕೈ ಮಾಡಿದ ತಪ್ಪು. ಒಲಿ ಮುಂದ ಕುಂತು ಆಡಿದ ಮಾತು ನಾ ತಿಳದು ಆಡಿದ್ದು. ನೀ ಹೋದ್ರ ಈ ಮನ್ಯಾಗ ನಾ ಒಬ್ಬಾಕಿ ಉಳೀತೇನಿ ಅಂತ ಅಂಜಿ ನಿನ್ನ ಸಮುದ್ರಾ ಕಸಗೊಂಡೆ. ನನ್ನ ತಪ್ಪಾತಪಾ, ತಮ್ಮಾ. ಭಾಳ ದೊಡ್ಡ ತಪ್ಪಾತು."